ಮಗಳಿಗೊಂದು ಪತ್ರ: ಜ್ವರ ಬಿಟ್ಟಿತು ಅಂತ ಓಡಬೇಡ

ಪ್ರೀತಿಯ ಪುಟ್ಟಿಗೆ,

ಡೆಂಗಿ ಜ್ವರ ಬಿಟ್ಟಿದೆ, ರಕ್ತದಲ್ಲಿ ಪ್ಲೇಟ್‌ಲೆಟ್ ಏರಿದೆ, ಹಾಸ್ಟೆಲಿಗೆ ಬಂದಾಯಿತು ಅಂತ ನೀನು ಹೇಳಿದಾಗ ಹೋದ ಜೀವ ಬಂದ ಹಾಗಾಯಿತು. ಆದರೆ ಸೋಮವಾರದಿಂದಲೇ ಖೋಖೋ ಪ್ರಾಕ್ಟೀಸಿಗೆ ಹೋಗುತ್ತೇನೆ ಅಂದೆಯಲ್ಲ, ಅದು ಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಡೆಂಗಿ ಅಂದರೆ ನಮ್ಮ ಕಡೆ ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತಲೇ ಕೇಳುತ್ತಾರೆ. ಎದೆ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಈ ವೈರಸ್ ಕೆಲವರಲ್ಲಿ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತದೆ. ಡಾಕ್ಟರು ಅದಕ್ಕೆ ಮಯೋಕಾರ್ಡೈಟಿಸ್ ಅನ್ನುತ್ತಾರೆ. ಆಗ ಎದೆಬಡಿತ ಕೆಲವರಲ್ಲಿ ತೀರಾ ನಿಧಾನವಾಗುತ್ತದೆ, ಕೆಲವರಲ್ಲಿ ತಾಳ ತಪ್ಪುತ್ತದೆ. ಹೆಚ್ಚಿನವರಿಗೆ ಅದು ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಅಪರೂಪಕ್ಕೆ ಜೀವಕ್ಕೇ ಕುತ್ತು ಬರುತ್ತದೆ. ಚಿಕೂನ್‌ಗುನ್ಯದಲ್ಲೂ ಹೀಗಾಗುವುದುಂಟು. 2006ರಲ್ಲಿ ಅದು ಕರ್ನಾಟಕದ ತುಂಬ ಹಬ್ಬಿದಾಗ ಜನ ಮಾತಾಡಿದ್ದೆಲ್ಲ ಗಂಟುನೋವಿನದೇ.

ಆಸ್ಪತ್ರೆಯಲ್ಲಿ ಡ್ರಿಪ್ಪನ್ನು ಅಷ್ಟು ಅಳೆದು ಯಾಕೆ ಕೊಡುತ್ತಾರೆ ಅಂತ ಕೇಳಿದ್ದೆ ಅಲ್ವಾ? ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಡೆಂಗಿಯಲ್ಲಿ ಅಪಾಯದ ಹೊತ್ತು. ರಕ್ತನಾಳಗಳಿಂದ ನೀರಿನಂಶ ಸೋರುತ್ತದೆ. ಡ್ರಿಪ್ ಕಮ್ಮಿಯಾದರೆ ಬಿಪಿ ಬೀಳುತ್ತದೆ. ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೃದಯ ಸೋತಿದ್ದರಂತೂ ಎರಡರ ನಡುವೆ ಜಾಗವೇ ಕಮ್ಮಿ. ಆ ಹೊತ್ತನ್ನು ನೀನು ದಾಟಿದ್ದೀಯ. ಉಳಿದದ್ದು ವಿಶ್ರಾಂತಿ.

ಉರಿಯೂತ ಇರುವ ಹೃದಯವನ್ನು ಓಡಿಸಿ ದಣಿಸಿದರೆ ಬಡಿತ ಕೆಡಬಹುದು. ಮಯೋಕಾರ್ಡೈಟಿಸ್ ಖಚಿತವಾದ ಆಟಗಾರರನ್ನು ಅನೇಕ ಸಲ 3ರಿಂದ 6 ತಿಂಗಳು ಮೈದಾನದಿಂದ ದೂರ ಇಡುತ್ತಾರೆ. ನಿನಗೆ ಅದು ಇದೆ ಅಂತ ನಾನು ಹೇಳುತ್ತಿಲ್ಲ. ಎದೆಬಡಿತದ ಗೆರೆ ತೆಗೆಯುವ ಇಸಿಜಿ ಒಂದು ಮಾಡಿಸೋಣ. ಅದರಲ್ಲಿ ಏನಾದರೂ ಕಂಡರೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ, ಹೃದಯದ ಸ್ಕ್ಯಾನ್ ಅಂದರೆ ಎಕೋ ಮಾಡುತ್ತಾರೆ. ಅಷ್ಟರೊಳಗೆ ಎದೆ ನೋವು, ಎದೆ ಡವಗುಟ್ಟುವುದು, ಮೆಟ್ಟಿಲು ಹತ್ತುವಾಗ ಏದುಸಿರು, ಕಣ್ಣು ಕತ್ತಲೆ ಬರುವುದು, ಇದರಲ್ಲಿ ಯಾವುದಾದರೂ ಆದರೆ ಸುಸ್ತು ಅಂತ ಸುಮ್ನೆ ಮಲಗಬೇಡ. ವಾರ್ಡನ್ ಮೇಡಂಗೆ ಹೇಳಿ ತಕ್ಷಣ ಆಸ್ಪತ್ರೆಗೆ ಹೋಗು. ರಾತ್ರಿ ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು.

ಡೆಂಗಿ ವೈರಸ್‌ನಲ್ಲಿ 4 ಬಗೆ ಇವೆ. ಒಂದು ಬಂದು ಹೋದ ಮೇಲೆ ಇನ್ನೊಂದು ಬಂದರೆ ಕಾಯಿಲೆ ಜೋರಾಗುವ ಸಂಭವ ಜಾಸ್ತಿ. ಹಾಗಾಗಿ ಹಗಲಲ್ಲೂ ತುಂಬು ತೋಳಿನ ಬಟ್ಟೆ ಹಾಕು. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಲ್ಲೇ. ಇಲ್ಲಿ ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನೆಲ್ಲ ಅಪ್ಪಾಜಿ ಹೆಕ್ಕಿಸುತ್ತಿದ್ದಾರೆ. ಹಾಳೆಯಲ್ಲಿ ನಿಂತ ಬೊಗಸೆ ಮಳೆನೀರು ಸಾಕು, ಸೊಳ್ಳೆ ಮೊಟ್ಟೆಯಿಡುತ್ತದೆ.

ಶನಿವಾರ ಅಪ್ಪಾಜಿ ಶಿವಮೊಗ್ಗಕ್ಕೆ ಬರುತ್ತಾರೆ. ಡಿಸ್ಚಾರ್ಜ್ ಚೀಟಿ, ರಿಪೋರ್ಟು ಎಲ್ಲ ಒಂದೇ ಕವರಿನಲ್ಲಿ ಹಾಕಿಟ್ಟಿರು. ಇಸಿಜಿ ಮುಗಿಸಿಕೊಂಡು ಇಬ್ಬರೂ ತೀರ್ಥಹಳ್ಳಿ ಬಸ್ಸು ಹತ್ತಿ. ಕೋಚ್ ಸರ್‌ಗೆ ನಾನೇ ಮಾತಾಡುತ್ತೇನೆ.

ನಿನ್ನ ಅಮ್ಮ