ಮಗಳೇ, ಒಂದು ಸಲಕ್ಕೆ ಒಂದು ಚಿತ್ರ ಸಾಕು

ಪ್ರೀತಿಯ ಪುಟ್ಟಿ,

ಲಂಡನ್ನಿನಲ್ಲಿ ನೋಡಬೇಕಾದ ಮ್ಯೂಸಿಯಂಗಳ ಪಟ್ಟಿ ಕಳಿಸಿದ್ದೀಯಲ್ಲ, ಓದಿದೆ. ಶನಿವಾರ ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಂ, ಮಧ್ಯಾಹ್ನ ನ್ಯಾಷನಲ್ ಗ್ಯಾಲರಿ, ಸಂಜೆ ಟೇಟ್ ಮಾಡರ್ನ್, ಭಾನುವಾರ ಉಳಿದದ್ದೆಲ್ಲ. ಆ ಪಟ್ಟಿಯನ್ನು ಬಿಟ್ಟುಬಿಡು ಅಂತ ಹೇಳುವುದಕ್ಕೇ ಈ ಕಾಗದ. ಪ್ರವಾಸಕ್ಕೆ ಬಂದವರು ಹಾಗೆ ಓಡಲೇಬೇಕು, ಅವರಿಗೆ ವಾಪಸ್ ವಿಮಾನ ಹತ್ತುವ ಅವಸರ. ನೀನು ಓದುವುದಕ್ಕೆ ಹೋಗಿರುವವಳು, ವರ್ಷವಿಡೀ ಅಲ್ಲೇ ಇರುತ್ತೀಯ. ನಿನಗೆ ಯಾವ ಅವಸರ ಹೇಳು?

ಅಲ್ಲಿನ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಮೊದಲು ಕೆಲವು ಕಡೆ ದುಡ್ಡು ತೆಗೆದುಕೊಳ್ಳುತ್ತಿದ್ದರು, 2001ರ ಡಿಸೆಂಬರ್‌ನಿಂದ ರಾಷ್ಟ್ರೀಯ ಮ್ಯೂಸಿಯಂಗಳಿಗೆಲ್ಲ ಅದು ನಿಂತಿತು. ಇದನ್ನು ಬರೀ ಉಳಿತಾಯ ಅಂದುಕೊಳ್ಳಬೇಡ. ಟಿಕೆಟ್ ಕೊಂಡು ಒಳಗೆ ಹೋದರೆ, ಕೊಟ್ಟ ದುಡ್ಡಿಗೆ ಎಲ್ಲವನ್ನೂ ನೋಡಿಯೇ ಬರಬೇಕು ಅನ್ನಿಸುತ್ತದೆ, ಕಾಲು ನೋಯುವ ತನಕ ಸುತ್ತುತ್ತೇವೆ. ಟಿಕೆಟ್ಟೇ ಇಲ್ಲ ಅಂದರೆ ಅರ್ಧ ಗಂಟೆ ಇದ್ದು ಎದ್ದು ಬರಬಹುದು, ಮುಂದಿನ ವಾರ ಅದೇ ಕೋಣೆಗೆ ಮತ್ತೆ ಹೋಗಬಹುದು. ಈ ಭಾಗ್ಯ ಎಲ್ಲ ಊರಲ್ಲೂ ಸಿಗುವುದಿಲ್ಲ. (ವಿಶೇಷ ಪ್ರದರ್ಶನಗಳಿಗೆ ಟಿಕೆಟ್ ಇರುತ್ತದೆ, ಈಗಲೇ ಅದರ ಗೊಡವೆ ಬೇಡ.)

ಎಲ್ಲಿಂದ ಶುರು ಮಾಡಲಿ ಅಂತ ಕೇಳುತ್ತೀಯ. ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಗೆ ಹೋಗು. 1824ರಲ್ಲಿ ಬರೀ 38 ಚಿತ್ರಗಳಿಂದ ಶುರುವಾದ ಜಾಗ ಅದು. ಈಗ ಎರಡು ಸಾವಿರಕ್ಕೂ ಜಾಸ್ತಿ ಇವೆ. ಅವನ್ನೆಲ್ಲ ಬಿಡು, ಒಂದನ್ನು ಹುಡುಕು: ಯಾನ್ ವಾನ್ ಐಕ್ 1434ರಲ್ಲಿ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರ. ತುಂಬ ದೊಡ್ಡದೇನಲ್ಲ, ನಮ್ಮ ಹಾಲ್‌ನಲ್ಲಿರುವ ತಾತನ ಫೋಟೋಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಈಗಿನ ಬೆಲ್ಜಿಯಂನ ಬ್ರೂಜ್ ಊರಲ್ಲಿ ನೆಲೆಸಿದ್ದ ಇಟಲಿಯ ವ್ಯಾಪಾರಿ, ಪಕ್ಕದಲ್ಲಿ ಹಸಿರು ನಿಲುವಂಗಿ ತೊಟ್ಟ ಹೆಂಡತಿ. ಅವಳನ್ನು ಬಸುರಿ ಅಂದುಕೊಳ್ಳುತ್ತಾರೆ, ಹಾಗಲ್ಲ, ಆಗಿನ ಕಾಲದ ಉಡುಗೆಯನ್ನು ಹಾಗೆ ನೆರಿಗೆ ಹಿಡಿದು ಎತ್ತಿಕೊಂಡೇ ನಿಲ್ಲುತ್ತಿದ್ದರು. ಮೊದಲು ಇವರಿಬ್ಬರ ಮುಖ ನೋಡು. ಆಮೇಲೆ ನಿಧಾನಕ್ಕೆ ಕಣ್ಣು ಓಡಿಸು. ಕಿಟಕಿಯ ಹತ್ತಿರ ಕಿತ್ತಳೆ ಹಣ್ಣು. ನೆಲದ ಮೇಲೆ ಬಿಚ್ಚಿಟ್ಟ ಮರದ ಚಪ್ಪಲಿ. ಮೇಲೆ ಹಿತ್ತಾಳೆಯ ತೂಗುದೀಪ, ಹಗಲು ಹೊತ್ತಲ್ಲೂ ಅದರಲ್ಲಿ ಒಂದೇ ಒಂದು ಮೇಣದ ಬತ್ತಿ ಉರಿಯುತ್ತಿದೆ. ಕಾಲ ಬುಡದಲ್ಲಿ ಪುಟ್ಟ ನಾಯಿ, ಅದರ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿದ್ದಾನೆ ಪುಣ್ಯಾತ್ಮ. ಹಿಂದಿನ ಗೋಡೆಯಲ್ಲಿ ಒಂದು ಉಬ್ಬು ಕನ್ನಡಿ. ಅದರೊಳಗೆ ಗಂಡ ಹೆಂಡತಿಯ ಬೆನ್ನು ಕಾಣುತ್ತದೆ, ಅವರಾಚೆ ಬಾಗಿಲಲ್ಲಿ ಇನ್ನೂ ಇಬ್ಬರು ನಿಂತಿದ್ದಾರೆ, ಅಂದರೆ ಈಗ ನೀನು ನಿಂತಿರುವ ಕಡೆ! ನಾಯಿ ಮಾತ್ರ ಕನ್ನಡಿಯಲ್ಲಿ ಇಲ್ಲ. ಕನ್ನಡಿಯ ಚೌಕಟ್ಟಿನ ಸುತ್ತ ಯೇಸುವಿನ ಕೊನೆಯ ದಿನಗಳ ಕತೆ ಹೇಳುವ ಹತ್ತು ಪುಟಾಣಿ ಚಿತ್ರಗಳಿವೆ, ಒಂದೊಂದೂ ಉಗುರಿನಷ್ಟು. ಕನ್ನಡಿಯ ಮೇಲೆ ಗೋಡೆಗೇ ಬರೆದಿದ್ದಾನೆ: ಯಾನ್ ವಾನ್ ಐಕ್ ಇಲ್ಲಿದ್ದ, 1434. ಇಷ್ಟೂ ಕಾಣಬೇಕಾದರೆ ಹೊತ್ತು ಬೇಕು. ನಾನು ನಿನ್ನ ಮಾವನ ಜೊತೆ ಹೋದಾಗ ಇದರ ಮುಂದೆ ನಿಂತವಳು ಬೇರೆ ಕೋಣೆಗೆ ಹೋಗಲೇ ಇಲ್ಲ. ನನಗೆ ಅದರ ಬಗ್ಗೆ ಇವತ್ತಿಗೂ ಬೇಜಾರಿಲ್ಲ.

ಹೀಗೆ ನೋಡುವುದು ನಿನಗೆ ಹೊಸದಲ್ಲ ಪುಟ್ಟಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರ ಇದೆಯಲ್ಲ, ಚಿಕ್ಕವಳಿದ್ದಾಗ ಅದರ ಮುಂದಿನಿಂದ ನಿನ್ನನ್ನು ಎಳೆದುಕೊಂಡು ಬರಬೇಕಾಗಿತ್ತು. ದೀಪದ ಬೆಳಕಿಗೆ ಅವಳ ಬೆರಳ ಸಂದಿ ಕೆಂಪಾಗಿರುವುದನ್ನು ನನಗೆ ತೋರಿಸಿದವಳೇ ನೀನು. ಎಷ್ಟೋ ಜನ ಅದು ರವಿವರ್ಮನ ಚಿತ್ರ ಅನ್ನುತ್ತಾರೆ. ಅಲ್ಲ, ಬರೆದವರು ಎಸ್.ಎಲ್. ಹಲ್ದಣಕರ್, ಅದೂ ಜಲವರ್ಣದಲ್ಲಿ, ತಮ್ಮ ಮಗಳನ್ನೇ ನಿಲ್ಲಿಸಿಕೊಂಡು.

ನ್ಯಾಷನಲ್ ಗ್ಯಾಲರಿಯ ಇನ್ನೊಂದು ವಿಷಯ ನೀನು ತಿಳಿದುಕೊಂಡಿರಬೇಕು. 1939ರಲ್ಲಿ ಯುದ್ಧ ಶುರುವಾದಾಗ ಚಿತ್ರಗಳನ್ನೆಲ್ಲ ಅಲ್ಲಿಂದ ಸಾಗಿಸಿಬಿಟ್ಟರು. ಆಮೇಲೆ ಅವು ವೇಲ್ಸ್‌ನ ಮ್ಯಾನೊಡ್ ಅನ್ನುವ ಕಡೆ ಕಲ್ಲಿನ ಗಣಿಯೊಳಗೆ ಸೇರಿದವು. ಖಾಲಿ ಗೋಡೆಗಳ ನಡುವೆ ಮೈರಾ ಹೆಸ್ ಅನ್ನುವ ಪಿಯಾನೋ ಕಲಾವಿದೆ ಮಧ್ಯಾಹ್ನದ ಊಟದ ಹೊತ್ತಿಗೆ ಸಂಗೀತ ಕಚೇರಿ ನಡೆಸಿದರು, ಯುದ್ಧ ಮುಗಿಯುವ ತನಕ ಅದು ನಿಲ್ಲಲಿಲ್ಲ. ಜನಕ್ಕೆ ಚಿತ್ರವೂ ಬೇಕೆನಿಸಿತು. ಪತ್ರಿಕೆಗೆ ಕಾಗದ ಬರೆದು ಕೇಳಿದರು. 1942ರಿಂದ ತಿಂಗಳಿಗೆ ಒಂದೇ ಒಂದು ಚಿತ್ರವನ್ನು ಗಣಿಯಿಂದ ತಂದು ಗೋಡೆಗೆ ಹಾಕತೊಡಗಿದರು. ಬಾಂಬ್ ಬಿದ್ದ ಊರಿನಲ್ಲಿ ಜನ ಆ ಒಂದು ಚಿತ್ರ ನೋಡುವುದಕ್ಕೆ ಬರುತ್ತಿದ್ದರು. ಆ ಪದ್ಧತಿ ಅಲ್ಲಿ ಇವತ್ತಿಗೂ ಇದೆ, ತಿಂಗಳ ಚಿತ್ರ ಅಂತ ಒಂದನ್ನು ಆರಿಸುತ್ತಾರೆ. ಒಂದು ಚಿತ್ರಕ್ಕೋಸ್ಕರ ಹೋಗು ಅಂತ ನಾನು ಹೇಳಿದರೆ ನಿನಗೆ ಅತಿ ಅನ್ನಿಸಬಹುದು, ಆದರೆ ಅವರು ಹೋಗುತ್ತಿದ್ದರಲ್ವಾ?

ಇನ್ನು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಇಲ್ಲಿಗೆ ಟಿಪ್ಪುವಿನ ಹುಲಿಗೋಸ್ಕರ ಹೋಗಬೇಕು, ಬೇರೆ ಏನನ್ನೂ ಆ ದಿನ ಇಟ್ಟುಕೊಳ್ಳಬೇಡ. ಈಗ ಅದು ಪ್ರದರ್ಶನದಲ್ಲಿ ಇದೆಯೋ ಇಲ್ಲವೋ ಅಂತ ಮೊದಲು ಅವರ ವೆಬ್‌ಸೈಟ್‌ನಲ್ಲಿ ನೋಡಿಕೊ. ಮರದ ಹುಲಿ, ಅದರಡಿ ಅಂಗಾತ ಬಿದ್ದ ಕೆಂಪು ಕೋಟಿನ ಯುರೋಪಿಯನ್. ಪಕ್ಕದಲ್ಲೊಂದು ಹಿಡಿ. ಅದನ್ನು ತಿರುಗಿಸಿದರೆ ಒಳಗಿನ ತಿದಿ ಗಾಳಿ ಊದಿ ಹುಲಿ ಗುರುಗುಟ್ಟುತ್ತದೆ, ಬಿದ್ದವನು ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಪಕ್ಕೆಯ ಮುಚ್ಚಳ ತೆಗೆದರೆ ನುಡಿಸುವುದಕ್ಕೆ ದಂತದ ಕೀಲಿಗಳಿವೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಆಮೇಲೆ ಅರಮನೆಯಲ್ಲಿ ಸಿಕ್ಕ ಇದನ್ನು ಹಡಗಿನಲ್ಲಿ ಸಾಗಿಸಿದರು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನರಿಗೆ ತೋರಿಸಲು ಇಟ್ಟರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತ ಕೂತವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತಂತೆ. ಈಗಿನ ಮ್ಯೂಸಿಯಂಗೆ ಬಂದದ್ದು 1880ರಲ್ಲಿ.

ಟಿಪ್ಪು ಬಗ್ಗೆ ನಮ್ಮಲ್ಲಿ ಏನೆಲ್ಲ ಜಗಳ ಇದೆ ಅಂತ ನಿನಗೆ ಗೊತ್ತು. ಅದೆಲ್ಲ ಇರಲಿ. ಆ ಮರವನ್ನು ಕೆತ್ತಿ, ಪಟ್ಟೆ ಬಳಿದ ಕೈಗಳು ನಮ್ಮ ಕಡೆಯವರದು, ಅವರ ಹೆಸರು ಅಲ್ಲಿನ ಯಾವ ಫಲಕದಲ್ಲೂ ಇಲ್ಲ. ನನಗೆ ಅದರ ಮುಂದೆ ಸಿಟ್ಟು ಬಂತು, ದುಃಖವೂ ಆಯಿತು. ನಿನಗೂ ಹಾಗೆ ಅನ್ನಿಸಿದರೆ ಅದನ್ನು ನುಂಗಿಕೊಳ್ಳಬೇಡ. ಆದರೆ ಸಿಟ್ಟಿನಲ್ಲಿ ಸರಸರ ಹೊರಗೆ ಬರಬೇಡ, ಹುಲಿಯ ಮೈ ಮೇಲಿನ ಒಂದೊಂದು ಪಟ್ಟೆಯನ್ನೂ ನೋಡಿಕೊಂಡು ಬಾ.

ಬೇರೆ ನಾಡಿನಿಂದ ಸಾಗಿಸಿ ತಂದದ್ದು ಇಲ್ಲೇ ಇರಬೇಕೇ ಅನ್ನುವ ಪ್ರಶ್ನೆ ಬ್ರಿಟಿಷ್ ಮ್ಯೂಸಿಯಂನಲ್ಲೂ ಎದುರಾಗುತ್ತದೆ. ಈಜಿಪ್ಟಿನಿಂದ ತಂದ ರೊಸೆಟ್ಟಾ ಶಿಲೆಯ ಸುತ್ತ ಯಾವಾಗಲೂ ನೂಕುನುಗ್ಗಲು. ಅದನ್ನು ಇನ್ನೊಮ್ಮೆ ನೋಡಿದರಾಯಿತು. ನೀನು ಆಂಧ್ರದ ಅಮರಾವತಿ ಸ್ತೂಪದ ಕಲ್ಲುಗಳನ್ನು ಇಟ್ಟಿರುವ ಕೋಣೆ ಕೇಳಿಕೊಂಡು ಹೋಗು. ಮದ್ರಾಸಿನಿಂದ 1859ರಲ್ಲಿ ಲಂಡನ್‌ಗೆ ಹೋದ ಕಲ್ಲುಗಳು ಅವು. ಅಥೆನ್ಸಿನ ಪಾರ್ಥೆನಾನ್ ಗುಡಿಯ ಶಿಲ್ಪಗಳೂ ಇದೇ ಮ್ಯೂಸಿಯಂನಲ್ಲಿವೆ, ಅವನ್ನು ವಾಪಸ್ ಕೊಡಿ ಅಂತ ಗ್ರೀಸ್ ಪಟ್ಟು ಹಿಡಿದು ಕೇಳುತ್ತಿದೆ, ಕೇಳಬೇಕಾದದ್ದೇ ಅಂತ ನನ್ನ ಅಭಿಪ್ರಾಯ. ನಿನ್ನದು ಏನು ಅಂತ ಎರಡನ್ನೂ ನೋಡಿದ ಮೇಲೆ ಹೇಳು.

ಶುಕ್ರವಾರ ನ್ಯಾಷನಲ್ ಗ್ಯಾಲರಿ ರಾತ್ರಿ 9ರವರೆಗೆ ತೆರೆದಿರುತ್ತದೆ. ಕಾಲೇಜು ಮುಗಿಸಿಕೊಂಡು ಹೋಗು, ಏನಾದರೂ ತಿಂದುಕೊಂಡು ಹೋಗು, ಹಸಿದುಕೊಂಡು ಚಿತ್ರ ನೋಡಬೇಡ. ದೊಡ್ಡ ಬ್ಯಾಗ್ ಬೇಡ, ಬಾಗಿಲಲ್ಲಿ ತಪಾಸಣೆ ಇರುತ್ತದೆ. ಒಂದು ಪೆನ್ಸಿಲ್, ಒಂದು ನೋಟ್‌ಬುಕ್ ಇಟ್ಟುಕೊ. ಕಂಡದ್ದನ್ನು ಅಂಕುಡೊಂಕಾಗಿ ಆದರೂ ಗೀಚು, ಕೈ ಗೀಚುವಾಗ ಕಣ್ಣು ತಾನಾಗಿ ಹತ್ತಿರ ಹೋಗುತ್ತದೆ. ನನಗೆ ಫೋಟೋ ಕಳಿಸಬೇಡ, ಭಾನುವಾರ ಫೋನ್ ಮಾಡಿದಾಗ ಬಾಯಲ್ಲೇ ಹೇಳು. ಅಪ್ಪನಿಗೂ ಕೇಳಬೇಕಂತೆ, ಅವರು ವಾಕಿಂಗ್ ಮುಗಿಸಿ ಬರುವುದು ಏಳಕ್ಕೆ, ಅದಾದ ಮೇಲೆ ಮಾಡು.

ನಿನ್ನ
ಅಮ್ಮ