ಹಾಡು ಕೇಳೋಕೆ ಕಿವಿ ಸಾಕು, ಹಾಗಾದ್ರೆ ಅಂಗಿ ಯಾಕೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಇದೇ ಅಂಕಣದಲ್ಲಿ ಹಿರಿಯರೊಬ್ಬರ ಪತ್ರ ಬಂದಿತ್ತು. ಈಗಿನ ಹುಡುಗ ಹುಡುಗಿಯರು ಕಾನ್ಸರ್ಟ್‌ಗೆ ಹೋಗೋದು ವೇಷ ತೋರಿಸೋಕೆ, ಹಾಡು ಕೇಳೋಕೆ ಎರಡು ಕಿವಿ ಸಾಕು, ಮಿಂಚೋ ಬಟ್ಟೆ ಯಾಕೆ ಅಂತ ಅವರು ಕೇಳಿದ್ದರು. ಓದಿ ಮೊದಲು ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಯಾಕಂದ್ರೆ ಕೆಲವು ವರ್ಷದ ಹಿಂದೆ ನಾನೂ ಥೇಟ್ ಹೀಗೇ ಮಾತಾಡುತ್ತಿದ್ದೆ, ಅದೂ ಬೆನ್ನ ತುಂಬ ಪ್ಯಾಚ್, ಅಂದ್ರೆ ಬ್ಯಾಂಡ್ ಹೆಸರಿನ ಬಟ್ಟೆ ತುಂಡು, ಹೊಲಿದ ಡೆನಿಮ್ ಜಾಕೆಟ್ ಹಾಕಿಕೊಂಡು! ನನ್ನದು ಸಂಗೀತದ ಪ್ರೀತಿ, ಬೇರೆಯವರದ್ದು ಬರೀ ಶೋಕಿ ಅಂತ ನನ್ನ ಲೆಕ್ಕ.

ಈಗ ಮಗಳು ದೊಡ್ಡವಳಾಗಿದ್ದಾಳೆ. ಹೋದ ವರ್ಷ ಒಂದು ಕಾನ್ಸರ್ಟ್‌ಗೆ ಹೋಗುವ ಮುಂಚೆ ಎರಡು ವಾರ ದಿನಾ ರಾತ್ರಿ ಕೂತು ಮಣಿ ಪೋಣಿಸಿದಳು. ಬಣ್ಣದ ಮಣಿ, ನಡುವೆ ಅಕ್ಷರ ಬರೆದ ಬಿಳಿ ಮಣಿ. ಒಂದೊಂದು ಬಳೆಯಲ್ಲೂ ಒಂದೊಂದು ಹಾಡಿನ ಹೆಸರೋ, ಸಾಲಿನ ತುಣುಕೋ, ಅಭಿಮಾನಿಗಳಿಗಷ್ಟೇ ಅರ್ಥವಾಗುವ ತಮಾಷೆಯೋ ಇತ್ತು. ಮನೆ ತುಂಬ ಮಣಿ. ಕತ್ತಲಲ್ಲಿ ನೀರು ಕುಡಿಯೋಕೆ ಎದ್ದು ಅದರ ಮೇಲೆ ಕಾಲಿಟ್ಟವರಿಗೇ ಗೊತ್ತು ಆ ನೋವು. ಅಂತೂ ಎರಡೂ ಮೊಣಕೈವರೆಗೆ ಬಳೆ ತೊಟ್ಟು ಹೋದಳು. ವಾಪಸ್ ಬಂದಾಗಲೂ ಮೊಣಕೈವರೆಗೆ ಬಳೆ ಇತ್ತು, ಆದರೆ ಅವಳು ಕಟ್ಟಿದ್ದು ಅದರಲ್ಲಿ ಒಂದೂ ಇರಲಿಲ್ಲ. ಎಲ್ಲವೂ ಬೇರೆಯವರು ಕೊಟ್ಟಿದ್ದು. ಯಾರು ಕೊಟ್ಟರು ಅಂದ್ರೆ ಹೆಸರೂ ಗೊತ್ತಿಲ್ಲ. ಕ್ಯೂನಲ್ಲಿ ನಿಂತವರು, ಬಾತ್‌ರೂಮ್ ಬಾಗಿಲಲ್ಲಿ ಸಿಕ್ಕವರು, ಪಕ್ಕದ ಸೀಟಿನ ಹುಡುಗಿಯ ಅಮ್ಮ.

ಈ ಬಳೆ ಬದಲಾಯಿಸಿಕೊಳ್ಳುವ ರೂಢಿ ಜೋರಾಗಿ ಹಬ್ಬಿದ್ದು ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರ ಎರಾಸ್ ಟೂರ್‌ನಲ್ಲಿ. 2023ರ ಮಾರ್ಚ್‌ನಲ್ಲಿ ಶುರುವಾಗಿ 2024ರ ಡಿಸೆಂಬರ್‌ವರೆಗೆ ನಡೆದ 149 ಕಾರ್ಯಕ್ರಮ. ಅವರ 2022ರ ಆಲ್ಬಮ್ಮಿನ ಒಂದು ಹಾಡಿನಲ್ಲಿ ಇಂಥ ಬಳೆಗಳ ಮಾತು ಒಂದೇ ಒಂದು ಸಾಲಿನಲ್ಲಿ ಬರುತ್ತದೆ, ಅಷ್ಟೇ. ಆ ಒಂದು ಸಾಲನ್ನು ಹಿಡಿದು ಅಭಿಮಾನಿಗಳು ಊರೂರಲ್ಲಿ ಮಣಿ ಪೋಣಿಸೋಕೆ ಕೂತರು. ಹಾಡನ್ನು ಸರಿಯಾಗಿ ಕೇಳದವರು ಹೀಗೆ ಮಾಡೋಕೆ ಆಗುತ್ತಾ? ಕಿವಿ ಇಲ್ಲದೆ ಈ ಬಳೆ ಹುಟ್ಟುತ್ತಲೇ ಇರಲಿಲ್ಲ ಅನ್ನೋದನ್ನ ಆ ಹಿರಿಯರು ಗಮನಿಸಬೇಕು.

ಇನ್ನು 'ಈಗಿನ ಕಾಲದ ಹುಚ್ಚು' ಅನ್ನುವ ಮಾತು. ಫ್ರಾನ್ಜ್ ಲಿಸ್ಟ್ ಅಂತ ಒಬ್ಬ ಪಿಯಾನೋ ವಾದಕರಿದ್ದರು. 1840ರ ದಶಕದಲ್ಲಿ ಅವರ ಕಛೇರಿಗೆ ಬರುತ್ತಿದ್ದ ಹೆಂಗಸರು ಅವರ ಚಿತ್ರವಿರುವ ಬ್ರೂಚ್ ಎದೆಗೆ ಚುಚ್ಚಿಕೊಂಡು ಬರುತ್ತಿದ್ದರು, ಅವರ ಕೈಗವಸಿಗೂ ಕರವಸ್ತ್ರಕ್ಕೂ ಕಿತ್ತಾಡುತ್ತಿದ್ದರು. ಬಾರಿಸುವ ರಭಸಕ್ಕೆ ಕಿತ್ತುಹೋದ ಪಿಯಾನೋ ತಂತಿಯನ್ನು ಬಳೆ ಮಾಡಿ ತೊಡುತ್ತಿದ್ದರು ಅಂತಲೂ ಬರೆದಿಟ್ಟಿದ್ದಾರೆ. ಕವಿ ಹೈನೆ 1844ರಲ್ಲಿ ಈ ಹುಚ್ಚಿಗೆ 'ಲಿಸ್ಟೋಮೇನಿಯಾ' ಅಂತ ಹೆಸರಿಟ್ಟ. ಆಗಲೂ ಬಳೆ, ಈಗಲೂ ಬಳೆ! ಆ ಕಾಲದ ಪತ್ರಿಕೆಗೂ ಯಾರೋ ಒಬ್ಬರು ಬೇಸರದ ಪತ್ರ ಬರೆದಿರಬಹುದು. ನೂರು ವರ್ಷ ಬಿಟ್ಟು ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ ಹಿಂದೆ ಬಿದ್ದ ಹುಡುಗಿಯರಿಗಂತೂ ಅವರು ಹಾಕುತ್ತಿದ್ದ ಗಿಡ್ಡ ಕಾಲುಚೀಲದಿಂದಲೇ 'ಬಾಬಿ ಸಾಕ್ಸರ್ಸ್' ಅನ್ನೋ ಹೆಸರು ಬಂತು. 1944ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಪ್ಯಾರಾಮೌಂಟ್ ಥಿಯೇಟರ್ ಮುಂದೆ ಅವರು ಸಾವಿರಗಟ್ಟಲೆ ಸೇರಿ ರಸ್ತೆಯನ್ನೇ ನಿಲ್ಲಿಸಿಬಿಟ್ಟಿದ್ದರು. ಇವತ್ತು ಅದೇ ಸಿನಾತ್ರಾ ಹಾಡು ಅಜ್ಜಂದಿರ ಗಾಂಭೀರ್ಯದ ಗುರುತು ಆಗಿದೆ.

ನನ್ನ ಜಾಕೆಟ್ ಕಥೆ ಹೇಳಿಬಿಡುತ್ತೇನೆ. ಹೆವಿ ಮೆಟಲ್ ಅನ್ನೋ ಅಬ್ಬರದ ರಾಕ್ ಸಂಗೀತ ಕೇಳುವವರಲ್ಲಿ ತೋಳು ಕತ್ತರಿಸಿದ ಡೆನಿಮ್ ಜಾಕೆಟ್‌ಗೆ ಬ್ಯಾಂಡ್‌ಗಳ ಪ್ಯಾಚ್ ಹೊಲಿದು ಹಾಕುವ ಪದ್ಧತಿ ಇದೆ. ಬ್ಯಾಟಲ್ ಜಾಕೆಟ್ ಅಂತಾರೆ. ಬೈಕ್ ಗ್ಯಾಂಗ್‌ನವರಿಂದ ಬಂದ ಅಭ್ಯಾಸ ಅದು. ಯಾವ ಪ್ಯಾಚ್ ಎಲ್ಲಿ ಬರಬೇಕು ಅನ್ನೋದು ಸುಮ್ನೆ ಅಲ್ಲ. ಬೆನ್ನಿನ ನಡುವಿನ ದೊಡ್ಡ ಜಾಗ ಅತಿ ಪ್ರೀತಿಯ ಬ್ಯಾಂಡ್‌ಗೆ. ಅದನ್ನು ಒಮ್ಮೆ ಹೊಲಿದರೆ ಬದಲಾಯಿಸೋದು ಕಷ್ಟ, ಮನಸ್ಸಿಗೂ ಕಷ್ಟ, ಬೆರಳಿಗೂ ಕಷ್ಟ. ಡೆನಿಮ್ ಎರಡು ಪದರ ಇರುವ ಕಡೆ ಸೂಜಿ ಹೋಗೋದೇ ಇಲ್ಲ. ನಾಲ್ಕು ಸಲ ಬೆರಳು ಚುಚ್ಚಿಕೊಂಡ ಮೇಲೆ ಅಮ್ಮ ಬಂದು 'ದಾರ ಜೋಡಿ ಮಾಡಿ ಹೊಲಿಯೋ, ಕೈಗೆ ಬಟ್ಟೆ ಸುತ್ಕೋ' ಅಂತ ಹೇಳಿಕೊಟ್ಟರು. ತಲೆಬುರುಡೆಯ ಚಿತ್ರ ನೋಡಿ ಮುಖ ಸಿಂಡರಿಸಿದರೂ ಹೊಲಿಗೆ ನೇರ ಬಂದಿದೆಯಾ ಅಂತ ನೋಡಿದರು. ಹೊಲಿಗೆ ಕಲಿತಿದ್ದು ನಾನು ಹಾಗೆ.

ಈ ಜಾಕೆಟ್ ಒಗೆಯಬಾರದು ಅನ್ನೋದು ನಮ್ಮಲ್ಲಿ ಅರ್ಧ ತಮಾಷೆಯ, ಅರ್ಧ ನಿಜದ ನಿಯಮ. ಪ್ರತಿ ಕಾನ್ಸರ್ಟ್‌ನ ಬೆವರು, ಧೂಳು, ಚೆಲ್ಲಿದ ಪಾನೀಯ ಎಲ್ಲ ಅದರಲ್ಲೇ ಇರಬೇಕು. ಮೂರು ವರ್ಷ ಕಾಪಾಡಿಕೊಂಡಿದ್ದೆ. ಒಂದು ದಿನ ಮನೆಗೆ ಬಂದರೆ ಹೊರಗೆ ತಂತಿ ಮೇಲೆ ಜಾಕೆಟ್ ಒಣಗುತ್ತಿತ್ತು, ಅಮ್ಮನ ಮುಖದಲ್ಲಿ ಏನೋ ದೊಡ್ಡ ಪುಣ್ಯದ ಕೆಲಸ ಮಾಡಿದ ತೃಪ್ತಿ. ಏನು ಹೇಳೋದು? ಸುಮ್ಮನಾದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ವೇದಿಕೆ ಮೇಲಿರುವ ಗಾಯಕರಿಗೆ ನಮ್ಮ ಬಟ್ಟೆ ಕಾಣೋದೇ ಇಲ್ಲ. ದೀಪ ಅವರ ಕಣ್ಣಿಗೆ ಹೊಡೆಯುತ್ತಿರುತ್ತದೆ. ಮುಂದಿನ ಕೆಲವು ಸಾಲು ಬಿಟ್ಟರೆ ಉಳಿದವರು ಅವರಿಗೆ ಬರೀ ಕತ್ತಲು. ಅಂದ ಮೇಲೆ ನಾವು ಹಾಕಿಕೊಳ್ಳೋದು ಪಕ್ಕದಲ್ಲಿ ನಿಂತವರಿಗಾಗಿ. ಇಡೀ ಸಂಜೆ ಮಾತಾಡುವವರು, ಹಾಡುವವರು ಗಾಯಕರೇ ಆಗಿರುವಾಗ ಅಭಿಮಾನಿಗೆ ತನ್ನದೂ ಒಂದು ಮಾತು ಹೇಳೋಕೆ ಇರುವ ಜಾಗ ಅವನ ಮೈಮೇಲಿನ ಬಟ್ಟೆ ಮಾತ್ರ. ನನಗೆ ಹತ್ತು ಜನ ಗೆಳೆಯರು ಸಿಕ್ಕಿದ್ದರೆ ಅದರಲ್ಲಿ ಮೂವರು ಆ ಜಾಕೆಟ್ ನೋಡಿ 'ಓ, ನೀವೂ ಇವರನ್ನ ಕೇಳ್ತೀರಾ?' ಅಂತ ಮಾತು ಶುರು ಮಾಡಿದವರು. ನಾನು ಅಷ್ಟೇನೂ ಮಾತುಗಾರನಲ್ಲ. ನನ್ನ ಪರವಾಗಿ ಬೆನ್ನೇ ಮಾತಾಡಿತು.

ಕೈಯಲ್ಲಿ ಮಾಡಿದ್ದಕ್ಕೆ ನನ್ನ ಮನಸ್ಸಲ್ಲಿ ಜಾಸ್ತಿ ಜಾಗ ಇದೆ, ಅದನ್ನ ಮುಚ್ಚಿಡೋದಿಲ್ಲ. ಗ್ರೇಟ್‌ಫುಲ್ ಡೆಡ್ ಅನ್ನೋ ಅಮೆರಿಕದ ಬ್ಯಾಂಡ್ 1965ರಿಂದ 1995ರವರೆಗೆ ಊರಿಂದ ಊರಿಗೆ ಸುತ್ತಿತು. ಅದರ ಹಿಂದೆಯೇ ಅಭಿಮಾನಿಗಳೂ ಸುತ್ತಿದರು. ಬಟ್ಟೆಗೆ ಗಂಟು ಹಾಕಿ ಬಣ್ಣದಲ್ಲಿ ಅದ್ದಿ ತೆಗೆದ ಟೀ ಶರ್ಟ್‌ಗಳನ್ನು ಕಾರ್ ಪಾರ್ಕಿಂಗ್‌ನಲ್ಲಿ ಹರಡಿಕೊಂಡು ಮಾರಿ, ಆ ದುಡ್ಡಲ್ಲಿ ಮುಂದಿನ ಊರಿನ ಟಿಕೆಟ್ ತಗೊಳ್ಳುತ್ತಿದ್ದವರು ಎಷ್ಟೋ ಜನ. ಬಟ್ಟೆ ಅವರಿಗೆ ಗುರುತೂ ಹೌದು, ಬಸ್ ಚಾರ್ಜೂ ಹೌದು.

ಆದರೆ ಯಾವುದು ಚೆನ್ನಾಗಿ ಕಾಣುತ್ತೋ ಅದರ ವಾಸನೆ ಅಂಗಡಿಯವರಿಗೆ ಬೇಗ ಹತ್ತುತ್ತದೆ. 1976ರ ಸುಮಾರಿಗೆ ಲಂಡನ್ನಿನಲ್ಲಿ ಪಂಕ್ ಅನ್ನೋ ರಾಕ್ ಸಂಗೀತದ ಹುಡುಗರು ಹರಿದ ಅಂಗಿಗೆ ಪಿನ್ನು ಚುಚ್ಚಿಕೊಂಡು ಓಡಾಡಿದರು. 1977ಕ್ಕಾಗಲೇ ಜಾಂಡ್ರಾ ರೋಡ್ಸ್ ಅನ್ನೋ ವಿನ್ಯಾಸಕಿ ಪಿನ್ನು ಚುಚ್ಚಿದ, ಬೇಕಂತಲೇ ಹರಿದ ದುಬಾರಿ ಉಡುಪು ತಂದರು. ಗ್ರಂಜ್ ಅನ್ನೋ ಇನ್ನೊಂದು ಬಗೆಯ ರಾಕ್ ಸಂಗೀತದವರು ಹಳೇ ಚೌಕಳಿ ಅಂಗಿ ಹಾಕುತ್ತಿದ್ದರು, ಅದು ಅಗ್ಗ ಮತ್ತು ಬೆಚ್ಚಗೆ ಅನ್ನೋ ಕಾರಣಕ್ಕೆ. 1992ರಲ್ಲಿ ವಿನ್ಯಾಸಕ ಮಾರ್ಕ್ ಜೇಕಬ್ಸ್ ಅದೇ ಶೈಲಿಯನ್ನು ಪೆರಿ ಎಲಿಸ್ ಕಂಪನಿಗಾಗಿ ಫ್ಯಾಷನ್ ವೇದಿಕೆ ಹತ್ತಿಸಿದರು, ಆಮೇಲೆ ಆ ಕೆಲಸವನ್ನೂ ಕಳೆದುಕೊಂಡರು. ಆ ಬಟ್ಟೆಗಳನ್ನು ಗ್ರಂಜ್ ಗಾಯಕ ಕರ್ಟ್ ಕೋಬೇನ್ ಮತ್ತು ಅವರ ಹೆಂಡತಿ, ಗಾಯಕಿ ಕರ್ಟ್ನಿ ಲವ್‌ಗೂ ಕಳಿಸಿದ್ದರಂತೆ. ತಾವು ಅದನ್ನು ಸುಟ್ಟುಹಾಕಿದೆವು ಅಂತ ಲವ್ ಎಷ್ಟೋ ವರ್ಷದ ಮೇಲೆ ಹೇಳಿಕೊಂಡರು. ಸುಡೋದು ಸ್ವಲ್ಪ ಅತಿಯಾಯ್ತು, ಆದರೆ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಇದಕ್ಕೆ ತಿರುಗಾಮುರುಗಾ ಆದ ಪ್ರಸಂಗವೂ ಇದೆ. ರನ್ ಡಿಎಂಸಿ ಅನ್ನೋ ಹಿಪ್‌ಹಾಪ್ ತಂಡ 1986ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾಡುವಾಗ ಅಡಿಡಾಸ್ ಬೂಟು ಕೈಯಲ್ಲಿ ಎತ್ತಿ ಹಿಡಿಯಿರಿ ಅಂತ ಜನರನ್ನು ಕೇಳಿತು. ಸಾವಿರಾರು ಬೂಟು ಗಾಳಿಯಲ್ಲಿ! ಆ ಕಂಪನಿಯವರೊಬ್ಬರು ಅದನ್ನು ಅಲ್ಲೇ ನಿಂತು ನೋಡಿದರು, ತಂಡಕ್ಕೆ ಹತ್ತು ಲಕ್ಷ ಡಾಲರ್‌ಗೂ ಮೀರಿದ ಒಪ್ಪಂದ ಸಿಕ್ಕಿತು. ಜನ ಮೊದಲು, ಕಂಪನಿ ಆಮೇಲೆ. ಈಗ ಉಲ್ಟಾ. ಟಿಕೆಟ್ ಬುಕ್ ಮಾಡಿದ ಹತ್ತು ನಿಮಿಷಕ್ಕೆ 'ಕಾನ್ಸರ್ಟ್ ಔಟ್‌ಫಿಟ್' ಅಂತ ಫೋನಿಗೆ ಜಾಹೀರಾತು ಬಂದು ಬೀಳುತ್ತದೆ. ಒಂದು ರಾತ್ರಿ ಹಾಕಿ ಬಿಸಾಡುವ ಪ್ಲಾಸ್ಟಿಕ್ ಮಿಂಚಿನ ಬಟ್ಟೆ. ಹಿರಿಯರು ಇದನ್ನ ಬೈದಿದ್ದರೆ ನಾನೂ ಜೊತೆಗೆ ಸಹಿ ಹಾಕುತ್ತಿದ್ದೆ. ಮಗಳಿಗೂ ಇದನ್ನೇ ಹೇಳಿದೆ. ಅವಳು ಅಮ್ಮನ ಹಳೇ ಅಂಗಿಗೆ ತಾನೇ ಮಿಣುಕು ಹೊಲಿದುಕೊಂಡಳು. ಮೂರು ಉದುರಿದವು. ಚೆನ್ನಾಗಿಯೇ ಇತ್ತು.

ಇನ್ನೊಂದು ವಿಷಯಕ್ಕೆ ನಾನೇ ಕ್ಷಮೆ ಕೇಳಬೇಕು. ಬ್ಯಾಂಡ್ ಹೆಸರಿನ ಟೀ ಶರ್ಟ್ ಹಾಕಿದವರನ್ನು, ಅದರಲ್ಲೂ ಹುಡುಗಿಯರನ್ನು ನಿಲ್ಲಿಸಿ 'ಇವರ ಮೂರು ಹಾಡು ಹೇಳು ನೋಡೋಣ' ಅಂತ ಪರೀಕ್ಷೆ ಮಾಡುವ ಕೆಟ್ಟ ಚಟ ನಮ್ಮಂಥವರಿಗಿದೆ. ಒಮ್ಮೆ ಕ್ಯೂನಲ್ಲಿ ನನ್ನ ಮುಂದೆ ಒಬ್ಬಳು ಜಾಯ್ ಡಿವಿಷನ್ ಅನ್ನೋ ಬ್ಯಾಂಡಿನ ಟೀ ಶರ್ಟ್ ಹಾಕಿ ನಿಂತಿದ್ದಳು. ಕಪ್ಪು ಬಟ್ಟೆ ಮೇಲೆ ಬೆಟ್ಟದ ಸಾಲಿನಂತೆ ಬಿಳಿ ಗೆರೆ ಇರುತ್ತಲ್ಲ, ಅದೇ. ನಾನು ದೊಡ್ಡ ಪಂಡಿತನ ಹಾಗೆ ಕೇಳಿದೆ. ಅವಳು ನನ್ನನ್ನ ಮೇಲಿಂದ ಕೆಳಗೆ ನೋಡಿ, ಹಾಡು ಒಂದೇ ಒಂದು ಗೊತ್ತು, ಆದರೆ ಈ ಗೆರೆ ಏನು ಅಂತ ನಿಮಗೆ ಗೊತ್ತಾ ಅಂದಳು. ಗೊತ್ತಿರಲಿಲ್ಲ. ಅವಳು ಭೌತಶಾಸ್ತ್ರ ಓದುತ್ತಿದ್ದವಳು. ಅದು ಸಿಪಿ 1919 ಅನ್ನೋ ಪಲ್ಸರ್ ನಕ್ಷತ್ರದಿಂದ ಬಂದ ರೇಡಿಯೋ ಮಿಡಿತಗಳ ಚಿತ್ರ, ಜೋಸೆಲಿನ್ ಬೆಲ್ ಅನ್ನೋ ವಿದ್ಯಾರ್ಥಿನಿ 1967ರಲ್ಲಿ ಮೊದಲು ಗುರುತಿಸಿದ ಪಲ್ಸರ್ ಇದೇ, ಅದಕ್ಕೇ ಹಾಕಿಕೊಂಡಿದ್ದೇನೆ ಅಂದಳು. ಆ ಬ್ಯಾಂಡಿನ 1979ರ ಆಲ್ಬಮ್ಮಿನ ಹೊದಿಕೆಗೆ ವಿನ್ಯಾಸಕ ಪೀಟರ್ ಸ್ಯಾವಿಲ್ ಆ ಚಿತ್ರ ಬಳಸಿದ್ದು ಅನ್ನೋದಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಹಿಂದೆ ನಿಂತಿದ್ದವರು ನಕ್ಕರು. ಅವತ್ತಿಂದ ಯಾರಿಗೂ ಪರೀಕ್ಷೆ ಇಟ್ಟಿಲ್ಲ.

ಗಾಯಕರೇ ಇಂಥದ್ದು ಹಾಕಿಕೊಂಡು ಬನ್ನಿ ಅಂತ ಕೇಳಿದಾಗ ಮಾತ್ರ ನನಗೆ ಎರಡು ಮನಸ್ಸು. ಅಮೆರಿಕದ ಗಾಯಕಿ ಬಿಯಾನ್ಸೆ 2023ರಲ್ಲಿ ಆಗಸ್ಟ್ ಕೊನೆಯಿಂದ ಒಂದು ತಿಂಗಳು ತಮ್ಮ ಕಾರ್ಯಕ್ರಮಕ್ಕೆ ಬರುವವರು ಬೆಳ್ಳಿ ಬಣ್ಣ ಹಾಕಿ ಬನ್ನಿ ಅಂದರು. ಇಡೀ ಸ್ಟೇಡಿಯಂ ಕನ್ನಡಿ ಚೂರುಗಳ ಡಿಸ್ಕೋ ಚೆಂಡಿನ ಹಾಗೆ ಹೊಳೆಯಿತು. ಕಣ್ಣಿಗೆ ಹಬ್ಬ. ಆದರೆ ಬೆಳ್ಳಿ ಇಲ್ಲದವರು ಮೂಲೆಯಲ್ಲಿ ಸಂಕೋಚದಿಂದ ನಿಲ್ಲೋದು ಬೇಡ ಅಲ್ವಾ. ಕೊರಿಯಾದಲ್ಲಿ 1990ರ ದಶಕದ ಕೊನೆಗೆ ಒಂದೊಂದು ತಂಡದ ಅಭಿಮಾನಿಗಳಿಗೆ ಒಂದೊಂದು ಬಣ್ಣದ ಬಲೂನು ಇತ್ತು, ಎಚ್‌ಒಟಿಗೆ ಬಿಳಿ, ಸೆಕ್ಸ್‌ಕೀಸ್‌ಗೆ ಹಳದಿ. 2006ರಲ್ಲಿ ಬಿಗ್‌ಬ್ಯಾಂಗ್ ತಂಡ ಕಿರೀಟದ ಆಕಾರದ ಲೈಟ್ ಸ್ಟಿಕ್, ಅಂದ್ರೆ ಕೈಯಲ್ಲಿ ಹಿಡಿಯುವ ದೀಪದ ಕೋಲು, ತಂದಿತು. ಈಗಿನ ಎಷ್ಟೋ ಲೈಟ್ ಸ್ಟಿಕ್‌ಗಳು ಬ್ಲೂಟೂತ್‌ನಲ್ಲಿ ಕೆಲಸ ಮಾಡುತ್ತವೆ. ನಿಮ್ಮ ಕೈಯಲ್ಲಿರುವ ದೀಪ ಯಾವಾಗ ಯಾವ ಬಣ್ಣ ಆಗಬೇಕು ಅಂತ ಕಂಟ್ರೋಲ್ ರೂಮ್‌ನವರು ತೀರ್ಮಾನಿಸುತ್ತಾರೆ. ನೋಡೋಕೆ ಸಮುದ್ರದ ಹಾಗಿರುತ್ತದೆ, ನಿಜ. ಆದರೂ ನನಗೆ ಆ ಬಲೂನೇ ಇಷ್ಟ.

ಕೊನೆಗೆ, ಹಿರಿಯರ ಪತ್ರದಲ್ಲಿ ಒಂದು ಸಾಲು ಮಾತ್ರ ನೂರಕ್ಕೆ ನೂರು ಸರಿ. ಮುಂದೆ ನಿಂತವರ ಟೋಪಿಯಿಂದ ಅವರಿಗೆ ವೇದಿಕೆ ಕಾಣಲಿಲ್ಲ ಅಂತ ಬರೆದಿದ್ದರು. ಅಗಲದ ಕೌಬಾಯ್ ಟೋಪಿ, ಎತ್ತರದ ಕೂದಲಲಂಕಾರ, ಬೆನ್ನಿನ ಮೇಲೆ ರೆಕ್ಕೆ ಇವೆಲ್ಲ ಕ್ಯೂನಲ್ಲಿ ಚೆಂದ, ಒಳಗೆ ಹಿಂದಿನವರಿಗೆ ಗೋಡೆ. ಗಾಯಕ ಹ್ಯಾರಿ ಸ್ಟೈಲ್ಸ್ ಅವರನ್ನ ನೋಡಿ ಶುರುವಾದ ಗರಿಯ ಶಾಲುಗಳಂತೂ ಕಾರ್ಯಕ್ರಮ ಮುಗಿದ ಮೇಲೆ ನೆಲದ ತುಂಬ ಉದುರಿಕೊಂಡಿರುತ್ತವೆ, ಗುಡಿಸುವವರ ಗತಿ ಏನು? ಲೋಹದ ಮುಳ್ಳಿರುವ ಪಟ್ಟಿ ಕೈಗೆ ಕಟ್ಟಿದವರನ್ನ ಎಷ್ಟೋ ಕಡೆ ಗೇಟಲ್ಲೇ ತಡೆಯುತ್ತಾರೆ, ಆ ವಿಷಯ ಬಿಡಿ, ನನ್ನದೂ ಒಂದು ಹೋಯಿತು. ಟೋಪಿ ಹಾಕುವ ಗೆಳೆಯ ಗೆಳತಿಯರಲ್ಲಿ ಇಷ್ಟೇ ಕೇಳಿಕೊಳ್ಳೋದು: ಫೋಟೋ ತೆಗೆಸಿಕೊಳ್ಳಿ, ಎಲ್ಲರಿಗೂ ತೋರಿಸಿ, ಮೊದಲ ಹಾಡು ಶುರುವಾದ ಕೂಡಲೇ ಟೋಪಿ ತೆಗೆದು ಕೈಯಲ್ಲಿ ಹಿಡಿಯಿರಿ. ಹಿಂದೆ ಆ ಹಿರಿಯರು ನಿಂತಿರಬಹುದು. ಅವರ ಪಕ್ಕದಲ್ಲಿ, ಒಗೆದು ಬಣ್ಣ ಬಿಟ್ಟ ಜಾಕೆಟ್ ಹಾಕಿಕೊಂಡು ನಾನೂ ಇರುತ್ತೇನೆ.

ಇಂತಿ,
ನಿಮ್ಮ ಓದುಗ