ಎದೆಬಡಿತ ತಪ್ಪಿದಾಗ ರಕ್ತ ಪರೀಕ್ಷೆಯೂ ಆಗಲಿ

ಸಂಪಾದಕರಿಗೆ,

ಮಾನ್ಯರೇ,

ಬಿಸಿಲು 40 ಡಿಗ್ರಿ ದಾಟಿದ ದಿನಗಳಲ್ಲಿ ವಾಂತಿಭೇದಿಯಿಂದ ನಿತ್ರಾಣರಾಗಿ ಆಸ್ಪತ್ರೆಗೆ ಬರುವವರಲ್ಲಿ ಕೆಲವರ ಎದೆಬಡಿತವೂ ತಾಳ ತಪ್ಪಿರುತ್ತದೆ. ಮನೆಯವರು ಹೃದಯವೇ ಕೆಟ್ಟಿತೆಂದು ಕಂಗಾಲಾಗುತ್ತಾರೆ. ಆದರೆ ಎಷ್ಟೋ ವೇಳೆ ಮೂಲ ಕಾರಣ ರಕ್ತದಲ್ಲಿರುತ್ತದೆ. ಎದೆಬಡಿತವನ್ನು ತಾಳದಲ್ಲಿಡುವ ಪೊಟ್ಯಾಸಿಯಂ ಎಂಬ ಲವಣಾಂಶ ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್‌ನಷ್ಟು ಇರಬೇಕು; ಕಡಿಮೆಯಾದರೆ ಬಡಿತ ತಪ್ಪುತ್ತದೆ. ಭೇದಿಯಲ್ಲಿ ಅದು ಸೋರಿಹೋಗುತ್ತದೆ; ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ಇನ್ನೂ ಬೇಗ. ಜೊತೆಗೆ ಮೆಗ್ನೀಸಿಯಂ ಎಂಬ ಇನ್ನೊಂದು ಲವಣಾಂಶವೂ ಕುಸಿದಿದ್ದರೆ, ಅದನ್ನು ತುಂಬದೆ ಪೊಟ್ಯಾಸಿಯಂ ಮೇಲೇಳುವುದೇ ಕಷ್ಟ.

ನನ್ನ ಭಾವನವರಿಗೆ ಕಳೆದ ಬೇಸಿಗೆಯಲ್ಲಿ ಆದದ್ದು ಇದೇ. ಡ್ರಿಪ್‌ನಲ್ಲಿ ನಿಧಾನವಾಗಿ ಪೊಟ್ಯಾಸಿಯಂ ಕೊಟ್ಟ ಮೇಲೆ ಬಡಿತ ಸರಿಹೋಯಿತು. ಬಿಡುಗಡೆ ಚೀಟಿಯಲ್ಲಿ ಮಾತ್ರ ಕಾರಣವನ್ನು ಯಾರೂ ಬರೆಯಲಿಲ್ಲ. ಊರಿನವರ ಕಣ್ಣಿಗೆ ಅವರು ಇಂದಿಗೂ ಹೃದ್ರೋಗಿ. ಹೊಲಕ್ಕೆ ಹೋಗಲು ಅವರೇ ಹೆದರುತ್ತಾರೆ. ಆ ಒಂದು ಸಾಲು ಬರೆದಿದ್ದರೆ ಈ ಭಯ ಇರುತ್ತಿರಲಿಲ್ಲ ಎಂಬ ಸಂಕಟ ನನಗಿದೆ.

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ, ರಕ್ತಹೀನತೆ ತೀವ್ರವಾದರೂ, ವಿಪರೀತ ಮದ್ಯ ಕುಡಿದರೂ ಎದೆಬಡಿತ ಹೀಗೆ ತಪ್ಪಬಹುದು. ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುವವರ ಮೈಗೆ ವಿಷ ಸೇರಿದಾಗ ನಾಡಿ ತೀರಾ ನಿಧಾನವಾಗುವುದುಂಟು. ಇವನ್ನು ಹಗುರವಾಗಿ ಎಣಿಸಬಾರದು. ತಾತ್ಕಾಲಿಕವಾದ ಏರುಪೇರೂ ಆ ಹೊತ್ತಿಗೆ ಪ್ರಾಣ ತೆಗೆಯಬಲ್ಲದು. ಕೆಲವರಿಗೆ ಅದು ಮರುಕಳಿಸುತ್ತದೆ, ಹಾಗಾಗಿ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಸಲ್ಲದು. ಪೊಟ್ಯಾಸಿಯಂ ಔಷಧವನ್ನು ತಾವೇ ಕೊಂಡು ಕುಡಿಯುವುದು ಇನ್ನೂ ಅಪಾಯ. ಮೂತ್ರಪಿಂಡ ದುರ್ಬಲವಾಗಿದ್ದರೆ ಅದು ರಕ್ತದಲ್ಲಿ ಹೆಚ್ಚಾಗಿ ಹೃದಯವೇ ನಿಂತೀತು.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿ (ಎದೆಬಡಿತದ ನಕ್ಷೆ) ತಜ್ಞರ ಕಣ್ಣಿಗೆ ಬೇಗ ಬೀಳುವಂತಾಗಿರುವುದು ಸಂತೋಷದ ಸಂಗತಿ. ಅದರ ಜೊತೆಗೆ ಪೊಟ್ಯಾಸಿಯಂ, ಸೋಡಿಯಂ ಪರೀಕ್ಷೆಯೂ ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತಿನಲ್ಲೂ ಸಿಗಬೇಕು. ಬಿಡುಗಡೆ ಚೀಟಿಯಲ್ಲಿ ಕಾರಣವನ್ನೂ ಮರುಪರೀಕ್ಷೆಯ ದಿನವನ್ನೂ ಕನ್ನಡದಲ್ಲಿ ಬರೆಯಲಿ. ಓಆರ್‌ಎಸ್ ಪೊಟ್ಟಣದಲ್ಲಿ ಸಕ್ಕರೆ, ಉಪ್ಪಿನ ಜೊತೆ ಪೊಟ್ಯಾಸಿಯಂ ಕೂಡ ಇರುತ್ತದೆ. ಬರಿಯ ಗ್ಲೂಕೋಸ್ ಪುಡಿ ಅದಕ್ಕೆ ಸಮವಲ್ಲ. ಈ ಬೇಸಿಗೆ ಕಾವೇರುವ ಮೊದಲೇ ಆರೋಗ್ಯ ಇಲಾಖೆ ಆ ಪೊಟ್ಟಣಗಳನ್ನು ಉದ್ಯೋಗ ಖಾತ್ರಿ ಕೆಲಸದ ಸ್ಥಳಗಳಿಗೆ ತಲುಪಿಸಲಿ.

— ಓದುಗರೊಬ್ಬರು, ಲಿಂಗಸುಗೂರು, ರಾಯಚೂರು ಜಿಲ್ಲೆ